ಸಮುದ್ರ ದಂಡೆಯ ಉಗ್ರಾಣ

ಹಿಂದವಾಡಿ

ಮಾರಿಷಸ್ಸಿಗೆ ಹೋಗಿ ಬಂದವರೆಲ್ಲ ಅಲ್ಲಿಯ ಸಮುದ್ರದ ಬಣ್ಣವನ್ನು ಹೊಗಳುತ್ತಾರೆ. ಬಣ್ಣ ಚೆಂದವೇ ಇತ್ತು, ಸುಳ್ಳಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದರೆ ನನಗೆ ಮೊದಲು ಕಾಣುವುದು ನಮ್ಮತ್ತೆಯ ಹಸಿರು ಇಳಕಲ್ ಸೀರೆಯ ಸೆರಗು, ಆ ಸೆರಗಿನ ತುಂಬ ಪರದೇಶದವರ ಕೈಗಡಿಯಾರಗಳು.

ಎರಡು ಸಾವಿರದ ಇಸವಿಯ ಆಜುಬಾಜಿನ ಮಾತು. ನಮ್ಮವರದು ಖಾನಾಪುರದಲ್ಲಿ ಪಂಪ್‌ಸೆಟ್ಟಿನ ಅಂಗಡಿ, ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋದವರು ಸಂಜೆ ಬಿಸಿಲಿರುವಾಗಲೇ ಬಂದುಬಿಡಬೇಕಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವುದಿಲ್ಲ. ಆ ವರ್ಷ ಪಂಪಿನ ಕಂಪನಿಯವರು ಚಲೋ ವ್ಯಾಪಾರ ಮಾಡಿದ ಅಂಗಡಿಯವರನ್ನು ಪತ್ನಿ ಸಮೇತ ಮಾರಿಷಸ್ಸಿಗೆ ಕಳಿಸುತ್ತೇವೆಂದರು.

"ಆಯೀನ ಬಿಟ್ಟು ಹ್ಯಾಂಗ ಹೋಗೂದು?" ಎಂದರು ನಮ್ಮವರು. ಅವರ ತಾಯಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದೆವು.

"ನಾ ಎಲ್ಲಿ ಬರ್ಲೆಪಾ ಭರಮಾ. ಅಲ್ಲೆ ಮಂದಿ ಅರಬತ್ತಲಿ ಅಡ್ಡಾಡ್ತಾರಂತ. ನೀವs ಹೋಗಿ ಬರ್ರಿ" ಎಂದ ಆಯಿ, ಮರುದಿನ ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೊರಟಾಗ ನಮಗಿಂತ ಮೊದಲು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು.

ಆಯಿಯ ತವರು ನಂದಗಡ. ಶಾಲೆಗೆ ಹೋದವರಲ್ಲ. ಕನ್ನಡ ಎಷ್ಟು ಬರುತ್ತಿತ್ತೋ ಮರಾಠಿಯೂ ಅಷ್ಟೇ ಬರುತ್ತಿತ್ತು. ಖಾನಾಪುರದ ಸುತ್ತಮುತ್ತ ನಮ್ಮ ಮಂದಿಯ ಮದುವೆ ಎಲ್ಲಿ ನಡೆದರೂ ಉಗ್ರಾಣದ ಖೋಲಿ ಆಯಿಯದು. ಅರಿಷಿಣದ ನೀರು ಹಾಕುವ ದಿನ ಹೆಂಗಸರು ಬಳೆ, ಸರ, ಕೈಗಡಿಯಾರ ತೆಗೆದು ಅವರ ಮಡಿಲಿಗೆ ಹಾಕಿ ನೀರಾಟಕ್ಕೆ ಹೋಗುತ್ತಿದ್ದರು. ಒಬ್ಬೊಬ್ಬರದನ್ನು ಒಂದೊಂದು ಅರಿವೆಯ ಚೂರಿನಲ್ಲಿ ಗಂಟು ಕಟ್ಟಿ, ಗುರುತಿಗೆ ಒಂದರಲ್ಲಿ ಅಡಿಕೆ, ಒಂದರಲ್ಲಿ ಲವಂಗ, ಒಂದರಲ್ಲಿ ಅಕ್ಕಿಕಾಳು ಇಡುತ್ತಿದ್ದರು. ಯಾರ ಗಂಟೂ ಅದಲುಬದಲಾದದ್ದನ್ನು ನಾನು ಕೇಳಿಲ್ಲ. ಹೊಸ ಮುಖ ಕಂಡರೆ ಅವರ ಮೊದಲ ಪ್ರಶ್ನೆ, "ಯಾರ ಪೈಕಿ ನೀವು?" ಉತ್ತರ ಸಿಕ್ಕು, ಎಲ್ಲೋ ಒಂದು ಸಂಬಂಧ ಕೂಡಿದ ಮೇಲೆಯೇ ಚಹಾ.

ವಿಮಾನ

ಆಯಿಯ ಟಿಕೀಟಿನ ದುಡ್ಡನ್ನು ನಮ್ಮವರೇ ತುಂಬಿದರು. ಮುಂಬೈಯಿಂದ ಹಾರಿದ ವಿಮಾನದಲ್ಲಿ ಗಗನಸಖಿ ನೀರು ತಂದಾಗ ಆಯಿ ಅವಳ ಕೈ ಹಿಡಿದರು.

"ಕೇಳು ಪದ್ಮಾ, ಯಾರ ಪೈಕಿ ಅಂತ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಪೂರ್ಣ ವಾಕ್ಯದಲ್ಲಿ, ಮೆಲ್ಲನೆಯ ದನಿಯಲ್ಲಿ ಮಾತಾಡಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಆದರೆ ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದನ್ನು ಯಾರೂ ಕಲಿಸಿರಲಿಲ್ಲ. ನಿಮ್ಮ ಮನೆತನ ಯಾವುದು ಎಂದು ನಮ್ಮತ್ತೆ ತಿಳಿಯಬಯಸುತ್ತಾರೆ ಎಂದು ಹೇಗೋ ಹೇಳಿದೆ. ಆ ಹುಡುಗಿ ನಕ್ಕು, ಗೋವಾ ಎಂದಳು.

"ಗೋವಾ ಅಂದ್ರ ನಮ್ಮ ಬಾಜೂಕs ಬಂತಲ್ಲ" ಎಂದು ಆಯಿ ಸಮಾಧಾನದಿಂದ ಕಣ್ಣು ಮುಚ್ಚಿದರು. ವಿಮಾನವನ್ನು ಪರಿಚಯದವರು ನಡೆಸುತ್ತಿದ್ದಾರೆಂದ ಮೇಲೆ ಹೆದರಿಕೆ ಯಾತಕ್ಕೆ?

ಮೊದಲ ದಿನ

ಇಷ್ಟು ದೂರ ಹಾರಿ ಬಂದು ಇಳಿದರೆ ದಾರಿಯ ಎರಡೂ ಬದಿಗೆ ಕಬ್ಬು. ಗಾಡಿಯ ಕಿಟಕಿಯಿಂದ ಬೆಲ್ಲದಂಥ ವಾಸನೆ ಬಂತು. ನಮ್ಮವರ ಮುಖ ಸಣ್ಣದಾಯಿತು. "ಇದನ್ನ ನೋಡಾಕ ಪಾಸ್‌ಪೋರ್ಟ ಯಾಕ ಬೇಕಿತ್ತು?" ಎಂದರು. ಆಯಿಗೆ ಮಾತ್ರ ಪರಮ ಸಂತೋಷ. ಕಬ್ಬಿನ ಎಲೆ ನೋಡಿ ಇಲ್ಲಿ ಮಳೆ ಚಲೋ ಆಗಿದೆ ಎಂದು ನಿರ್ಣಯ ಕೊಟ್ಟರು.

ನಮ್ಮ ಹೊಟೇಲು ಪಶ್ಚಿಮದ ದಂಡೆಯಲ್ಲಿತ್ತು. ಸಾಲಾಗಿ ಸರ್ವೆ ಮರಗಳು, ಅವುಗಳ ಕೆಳಗೆ ಉದ್ದ ಕುರ್ಚಿಗಳು, ಕುರ್ಚಿಗಳ ಮೇಲೆ ಯುರೋಪಿನ ಹೆಂಗಸರು ಗಂಡಸರು ಹಪ್ಪಳದ ಹಾಗೆ ಒಣಗುತ್ತಿದ್ದರು. ಒಂದು ಮಗ್ಗಲು ಒಣಗಿತೆನಿಸಿದಾಗ ಹೊರಳಿ ಮಲಗುವುದು. ಆಯಿ ಒಂದು ಕುರ್ಚಿಯನ್ನು ತಿರುಗಿಸಿ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತರು. ಸಮುದ್ರದ ಮೇಲೇನೂ ಸಿಟ್ಟಿರಲಿಲ್ಲ, ನಡುವೆ ಇದ್ದವರದೇ ಸಂಕೋಚ.

ಹಾಗೆ ಹಿಂದು ಮುಂದಾಗಿ ಕುಳಿತದ್ದರಿಂದಲೇ ಅವರಿಗೆ ರಾಮಜಿ ಕಂಡದ್ದು. ಐವತ್ತು ದಾಟಿದ ಮನುಷ್ಯ. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಅನಾನಸಿನ ಬುಟ್ಟಿ, ಎದೆಯ ಮೇಲೆ ಒಂದು ತಗಡಿನ ಬಿಲ್ಲೆ. ಆ ದಂಡೆಯಲ್ಲಿ ಮಾರಲು ಪರವಾನಗಿ ಇದ್ದವರಿಗೆ ಅಂಥ ಬಿಲ್ಲೆ ಕೊಡುತ್ತಾರಂತೆ. ಅವನು ಆಯಿಯ ಸೀರೆಯನ್ನು ಬಹಳ ಹೊತ್ತು ನೋಡಿ, ಹತ್ತಿರ ಬಂದು, ಮರಾಠಿಯಲ್ಲಿ ಕೇಳಿದ:

"ಬಾಳಾ, ಜೇವಲೀಸ್ ಕಾ?"

ಮಗೂ, ಉಂಡಿಯಾ ಎಂದು. ತನಗಿಂತ ಹಿರಿಯಳಾದ ಹೆಂಗಸನ್ನು ಹೀಗೆ ಕೇಳಿದ್ದಕ್ಕೆ ನಾನು ಗಾಬರಿಯಾದೆ. ಆಮೇಲೆ ತಿಳಿಯಿತು. ಅವನ ಮುತ್ತಜ್ಜ ಎಂದೋ ಕೊಂಕಣದ ಕಡೆಯಿಂದ ಹಡಗು ಹತ್ತಿ ಕಬ್ಬಿನ ಕೆಲಸಕ್ಕೆ ಬಂದವನು. ಮನೆಯಲ್ಲಿ ಉಳಿದ ಮರಾಠಿಯೆಂದರೆ ಅವನ ಅಜ್ಜಿ ಅವನ ಜೊತೆ ಆಡಿದ್ದಷ್ಟೇ. ಹಾಗಾಗಿ ಅವನು ಮರಾಠಿಯಲ್ಲಿ ಬಾಯಿ ತೆರೆದರೆ ಎದುರಿಗಿದ್ದವರೆಲ್ಲ ಚಿಕ್ಕ ಮಕ್ಕಳು. ಉಣ್ಣು, ಮುಖ ತೊಳಿ, ಬಿಸಿಲಿಗೆ ಹೋಗಬೇಡ, ಅಳಬೇಡ.

"ಯಾರ ಪೈಕಿ ನೀ?" ಆಯಿ ಶುರುಮಾಡಿಯೇ ಬಿಟ್ಟರು. ಊರು ಯಾವುದು, ಮನೆದೇವರು ಯಾವುದು, ಸೋದರಮಾವ ಯಾರು? ಅವನಿಗೆ ಒಂದೂ ಗೊತ್ತಿರಲಿಲ್ಲ. ಆಯಿ ಸೋಲಲಿಲ್ಲ. ನಂದಗಡದಿಂದ ಕೊಂಕಣದ ಕಡೆಗೆ ಮಗಳನ್ನು ಕೊಟ್ಟ ಒಂದು ಮನೆಯಿತ್ತಂತೆ, ಆ ಹೆಣ್ಣುಮಗಳ ಮೂಗು ಹೀಗೇ ಇತ್ತಂತೆ. "ಅಂದಮ್ಯಾಲ ನೀ ನಮ್ಮಾವನs" ಎಂದು ಮುಗಿಸಿದರು. ಅವನು ಬಗ್ಗಿ ನಮಸ್ಕಾರ ಮಾಡಿ, ಅನಾನಸನ್ನು ಸುರುಳಿ ಸುರುಳಿಯಾಗಿ ಹೆಚ್ಚಿ, ಉಪ್ಪು ಖಾರ ಸವರಿ ಕೊಟ್ಟ. ನಮ್ಮ ಶಾಲೆಯ ಗೇಟಿನ ಹೊರಗೆ ಉಪ್ಪು ಖಾರ ಹಚ್ಚಿದ ಪೇರಲ ಹಣ್ಣು ಮಾರುತ್ತಿದ್ದರು. ಸಿಸ್ಟರುಗಳ ಕಣ್ಣು ತಪ್ಪಿಸಿ ತಿನ್ನುತ್ತಿದ್ದ ಅದೇ ಚುರುಕು ನಾಲಿಗೆಗೆ ಬಂತು, ಇಷ್ಟು ನೀರಿನ ಆಚೆ.

ಎರಡನೆಯ ದಿನ, ಮಧ್ಯಾಹ್ನ

ಊಟವಾದ ಮೇಲೆ ತಳದಲ್ಲಿ ಗಾಜು ಹಾಕಿದ ದೋಣಿಯಲ್ಲಿ ಮೀನು ತೋರಿಸಲು ಕರೆದೊಯ್ದರು. ದಂಡೆಯಲ್ಲಿ ಮಲಗಿದ್ದವರೂ ಎದ್ದು ಕೆಲವರು ದೋಣಿಗೆ, ಕೆಲವರು ನೀರಿಗೆ ಹೋದರು. ಆಯಿ ಬರಲಿಲ್ಲ. "ಮೀನಾ ತಮ್ಮ ಮನ್ಯಾಗ ಇರ್ತಾವು, ಹಣಿಕಿ ಹಾಕಿ ಯಾಕ ನೋಡೂದು" ಎಂದು ಸರ್ವೆ ಮರದ ಕೆಳಗೆ ಕುಳಿತರು. ಸ್ವಲ್ಪ ದೂರದಲ್ಲಿ ರಾಮಜಿ ಅನಾನಸು ಹೆಚ್ಚುತ್ತಿದ್ದ.

ನಾವು ಮರಳಿ ಬರುವಷ್ಟರಲ್ಲಿ ದಂಡೆಯ ತುಂಬ ಗದ್ದಲವೆದ್ದಿತ್ತು. ಒಬ್ಬ ಹೆಂಗಸು ಟವೆಲ್ ಝಾಡಿಸಿ ಅಳುತ್ತಿದ್ದಳು. ಒಬ್ಬರ ಗಡಿಯಾರ ಇಲ್ಲ, ಒಬ್ಬರ ಪಾಕೀಟು ಇಲ್ಲ, ಕ್ಯಾಮೆರಾ ಇಲ್ಲ, ಕನ್ನಡಕ ಇಲ್ಲ. ಕಳ್ಳ ಯಾರಲ್ಲೂ ಭೇದ ಮಾಡಿರಲಿಲ್ಲ. ಹೊಟೇಲಿನ ಕಾವಲುಗಾರ, ಕುರ್ಚಿಗಳ ನಡುವೆ ಅನಾನಸಿನವನೊಬ್ಬನೇ ಓಡಾಡುತ್ತಿದ್ದ ಎಂದ. ರಾಮಜಿಯನ್ನು ತೋಳು ಹಿಡಿದು ಕಚೇರಿಗೆ ಕರೆದೊಯ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಾವಲುಗಾರ ಅವನ ಎದೆಯ ಬಿಲ್ಲೆಯನ್ನು ಬಿಚ್ಚಿ ಮ್ಯಾನೇಜರ್ ಹೆಂಗಸಿನ ಮೇಜಿನ ಮೇಲೆ ಇಟ್ಟದ್ದನ್ನು ನಾನು ಕಿಟಕಿಯಿಂದ ನೋಡಿದೆ. ಪೊಲೀಸರಿಗೆ ಫೋನಾಗಿತ್ತು. ಅವರು ಬಂದು ದೂರು ಬರೆದುಕೊಂಡರೆ ಆ ಬಿಲ್ಲೆ ಮತ್ತೆ ಅವನ ಎದೆಗೆ ಬರುವುದಿಲ್ಲ, ಅವನ ಹೊಟ್ಟೆಪಾಡು ಮುಗಿದಂತೆ ಎಂದು ಹೊಟೇಲಿನವನೊಬ್ಬ ಹೇಳಿದ.

ಮನಸ್ಸಿಗೆ ಕೆಟ್ಟದೆನಿಸಿತು. ಆಯಿಗೆ ಹೇಳೋಣವೆಂದು ಖೋಲಿಗೆ ಹೋದೆವು. ಬಾಗಿಲು ಹಾರು ಹೊಡೆದು ಪೂರ್ತಿ ತೆರೆದಿತ್ತು. ಆಯಿ ಒಂದು ನಿದ್ದೆ ಮುಗಿಸಿ ಎದ್ದು ಕುಳಿತಿದ್ದರು. ಹಾಸಿಗೆಯ ಮೇಲೆ, ಹೊಟೇಲಿನ ಬಿಳಿ ಕರವಸ್ತ್ರಗಳಲ್ಲಿ ಕಟ್ಟಿದ ಏಳೆಂಟು ಸಣ್ಣ ಗಂಟುಗಳು ಸಾಲಾಗಿ ಕುಳಿತಿದ್ದವು. ಪಕ್ಕದಲ್ಲಿ ಒಂದು ಕ್ಯಾಮೆರಾ, ಅದರ ಪಟ್ಟಿಗೆ ಒಂದು ಕೆಂಪು ದಾರ.

"ಆಯಿ, ಏನ್ರಿ ಇದು?"

"ಸಾಮಾನು."

"ಯಾರ ಸಾಮಾನ್ರಿ?"

"ಯಾರದೈತಿ ಅವರದು" ಎಂದರು, ನನಗೆ ತಿಳಿಯದಿದ್ದುದೇ ಸೋಜಿಗವೆಂಬಂತೆ. "ಎಲ್ಲಾರೂ ನೀರಿಗಿ ಹ್ವಾದ್ರು. ಗಡ್ಯಾಳ, ಪಾಕೀಟ, ಚಸ್ಮಾ ಎಲ್ಲಾ ಬಯಲಾಗ ಬಿದ್ದಿದ್ವು. ಕಾಗಿ ಒಯ್ದ್ರ? ಹಿರೇ ಮನಶಾಳು ಅಂತ ಅಲ್ಲೆ ನಾ ಒಬ್ಬಾಕಿ. ನೋಡಿಕೋತ ಕುಂದರ್ಲೇನು? ಸೆರಗಿನಾಗ ತುಂಬಿಕೊಂಡು ಬಂದೆ."

ನಮ್ಮವರು ಹಾಸಿಗೆಯ ತುದಿಗೆ ಕುಸಿದರು. "ಆಯಿ, ಇದು ಮದುವಿ ಮನಿ ಅಲ್ಲ."

"ಊರ ಮಂದಿ ಎಲ್ಲಾ ಒಂದs ಛಪ್ಪರದಾಗ ಉಣ್ತಾರ, ಒಂದs ಕಡೆ ಮಲಗ್ತಾರ, ಹೊತ್ತೇರಿ ಏಳ್ತಾರ, ಜಳಕಾ ಮಾಡ್ತಾರ. ಮದುವಿ ಮನಿ ಅಲ್ದ ಮತ್ತೇನಿದು? ಕೇಳಾಕ ಬರ್ತಾರಂತ ಬಾಗಲಾ ತಕ್ಕೊಂಡs ಮಲಗಿದ್ದೆ. ಒಬ್ಬಾಂವರೆ ಬರ್ಲಿಲ್ಲ. ಏನ್ ಮಂದೀನೋ."

ನಾನು ಒಂದು ಗಂಟನ್ನು ಬಿಚ್ಚಿದೆ. ಗಡಿಯಾರದ ಜೊತೆ ಸರ್ವೆ ಮರದ ಒಂದು ಕಾಯಿ. ಇನ್ನೊಂದರಲ್ಲಿ ಪಾಕೀಟಿನ ಜೊತೆ ಕವಡೆ. ಮತ್ತೊಂದರಲ್ಲಿ ಹಳದಿ ಟವೆಲ್ಲಿನ ಎಳೆ. ಯಾವ ಕುರ್ಚಿಯ ಬದಿಗೆ ಏನಿತ್ತೋ ಅದೇ ಗುರುತು.

ಎರಡನೆಯ ದಿನ, ಸಂಜೆ

ಆಯಿ ಮುಖ ತೊಳೆಯಲು ಹೋದರು. ನಮ್ಮವರಿಗೆ ಆಗ ಒಂದು ಯುಕ್ತಿ ಹೊಳೆಯಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರಿಗೆ ಹೊಳೆದ ಯುಕ್ತಿಗಳಲ್ಲೇ ಇದು ಕೆಟ್ಟದ್ದು.

"ಸುಮ್ಮ ಒಯ್ದು ಕುರ್ಚಿ ಮ್ಯಾಲ ಇಟ್ಟು ಬಂದುಬಿಡ್ತೀನಿ. ಗಾಳಿಗೆ ಹಾರಿದ್ವು ಅಂತ ತಿಳ್ಕೋತಾರ."

"ಪಾಕೀಟು ಗಾಳಿಗೆ ಹಾರತಾವೇನ್ರೀ?"

"ಇಲ್ಲೆ ಗಾಳಿ ಭಾಳ ಐತಿ" ಎಂದು ಗಂಟುಗಳನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡರು. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡರು. ಗುರುತು ಸಿಗಬಾರದೆಂದು ಕಪ್ಪು ಚಷ್ಮಾ ಬೇರೆ. ಹಿಂದವಾಡಿಯಲ್ಲಿ ಸರಳವಾಗಿ ನಡೆಯುವ ಮನುಷ್ಯ ಆವತ್ತು ಶಿಳ್ಳೆ ಹೊಡೆಯುತ್ತ, ಆಕಾಶ ನೋಡುತ್ತ ನಡೆದರು. ಅವರು ಶಿಳ್ಳೆ ಹೊಡೆದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮೂರನೆಯ ಕುರ್ಚಿ ಮುಟ್ಟುವುದರೊಳಗೆ ಕಾವಲುಗಾರ ಅವರ ಹೆಗಲ ಮೇಲೆ ಕೈಯಿಟ್ಟ. ಕೊರಳಿನ ಕ್ಯಾಮೆರಾವನ್ನು ನೋಡಿ ಹಳದಿ ಟೋಪಿಯ ಹೆಂಗಸೊಬ್ಬಳು ಅದು ತನ್ನದೆಂದು ಚೀರಿದಳು.

ಆಯಿ ಮುಖ ಒರೆಸಿಕೊಳ್ಳುತ್ತ, ನಾನು ನೋಡುತ್ತ ನಿಂತಿದ್ದ ಬಾಗಿಲಿಗೆ ಬಂದು, "ಗಂಟು ಎಲ್ಲೆವ?" ಎಂದರು.

ಇನ್ನು ಮುಚ್ಚಿಡಲು ಏನಿತ್ತು? ನಿನ್ನೆ ಅನಾನಸು ಕೊಟ್ಟವರನ್ನು ಕಳ್ಳ ಅಂತ ಹಿಡಿದಿದ್ದಾರೆ, ಈಗ ಇವರನ್ನೂ ಹಿಡಿದರು ಎಂದೆ. ಆಯಿ ಸೆರಗನ್ನು ಸೊಂಟಕ್ಕೆ ಸಿಗಿಸಿದರು. ಊಟದ ಹೊತ್ತಾಗಿತ್ತು. ಬೆಳಗಾವಿಯಿಂದ ತಂದ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಮೇಜಿನ ಮೇಲಿದ್ದವು. ಸೂರ್ಯ ಆಗಲೇ ಕೆಳಗಿಳಿಯುತ್ತಿದ್ದ.

"ಮೊದಲ ಒಂದೀಟು ಉಣ್ರಿ ಆಯಿ. ಹೊತ್ತು ಮುಳುಗಿದ್ರ ನಾಳಿ ಮುಂಜಾನಿತನಕ ಉಪವಾಸ."

"ಅಂವನ್ನ ಬಿಡೂತನಕ ನಾ ಉಣಾಂಗಿಲ್ಲ" ಎಂದು ಹೊರಟೇಬಿಟ್ಟರು. ಅವರೆಂದದ್ದು ಮಗನನ್ನಲ್ಲ.

ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಕಳ್ಳರು ಒಟ್ಟಿಗೆ ಕುಳಿತಿದ್ದರು. ನಮ್ಮವರು ಬೆವೆತು ಹೋಗಿದ್ದರು. ರಾಮಜಿ ಅವರ ಬೆನ್ನು ಸವರುತ್ತ, ಹೆದರಬೇಡ ಬಾಳಾ, ಅಳಬೇಡ ಬಾಳಾ ಎನ್ನುತ್ತಿದ್ದ. ಮ್ಯಾನೇಜರ್ ಬಿಗಿಯಾಗಿ ತುರುಬು ಕಟ್ಟಿದ, ನಗದ ಹೆಂಗಸು. ನಾನು ಬಾಯಿ ತೆರೆದೆ. ಗಾಬರಿಯಲ್ಲಿ ನನ್ನ ಇಂಗ್ಲಿಷು ಶಾಲೆಯ ರಜಾ ಅರ್ಜಿಯ ಇಂಗ್ಲಿಷಾಗಿಬಿಟ್ಟಿತು. ಮಾನ್ಯರೇ, ತಮ್ಮ ಸನ್ನಿಧಿಯಲ್ಲಿ ವಿನಯಪೂರ್ವಕ ನಿವೇದಿಸುವುದೇನೆಂದರೆ ಎಂದು ಶುರುಮಾಡಿದೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟಳು. ಮದುವೆಮನೆ, ಅರಿಷಿಣದ ನೀರು, ಉಗ್ರಾಣ, ಅಡಿಕೆ, ಲವಂಗ ಎಲ್ಲವನ್ನೂ ಪೂರ್ಣ ವಾಕ್ಯಗಳಲ್ಲಿ ಹೇಳಿದೆ. ಅವಳು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

"ನೀ ಬಿಡು" ಎಂದು ಆಯಿ ಮುಂದೆ ಬಂದು, ಮೇಜಿನ ಮೇಲಿದ್ದ ಟವೆಲನ್ನು ಎಳೆದುಕೊಂಡು, ಗಂಟುಗಳನ್ನು ಸಾಲಾಗಿಟ್ಟು, ಕುರ್ಚಿಯಲ್ಲಿ ಕಾಲು ಮಡಚಿ ಕುಳಿತರು. "ಕರೀರಿ ಎಲ್ಲಾರ್ನೂ."

ಬಾಗಿಲಲ್ಲಿ ಸೇರಿದ್ದವರು ಒಬ್ಬೊಬ್ಬರಾಗಿ ಬಂದರು. ಆಯಿ ಮುಖ ನೋಡಿ, ಗಂಟು ಎತ್ತಿ, ಬಿಚ್ಚಿ ಕೊಟ್ಟರು. ಅಳುತ್ತಿದ್ದವಳಿಗೆ ಪಾಕೀಟು, ಹಳದಿ ಟೋಪಿಯವಳಿಗೆ ಕ್ಯಾಮೆರಾ. ಒಂದು ಚಿಲ್ಲರೆ ಕಾಸೂ ಅತ್ತಿತ್ತ ಆಗಿರಲಿಲ್ಲ. ಒಬ್ಬ ಬೋಳುತಲೆಯವನಿಗೆ ಗಡಿಯಾರ ಕೊಟ್ಟರು. ಅವನು ಸೌಜನ್ಯದಿಂದ ಕಟ್ಟಿಕೊಂಡು ಹೊರಟ. ಹಿಂದೆಯೇ ಅಂಥದೇ ತಲೆ, ಅಷ್ಟೇ ಕೆಂಪಾದ ಹೊಟ್ಟೆಯ ಇನ್ನೊಬ್ಬ ಬಂದು ಅದು ತನ್ನದೆಂದ. ವಿಚಾರಿಸಿದರೆ, ಇಬ್ಬರೂ ಬಿಸಿಲಿಗಾಗಿ ಮಧ್ಯಾಹ್ನ ಕುರ್ಚಿ ಬದಲಿಸಿದ್ದರು.

"ಮುಖಾ ಒಂದs ಥರಾ, ಮ್ಯಾಲ ಜಾಗಾನೂ ಬದಲ ಮಾಡಿದ್ರ ನಾ ಏನ್ ಮಾಡ್ಲಿ? ಹೇಳವಾ ಅವರಿಗೆ" ಎಂದರು ಆಯಿ. ಹೇಳಿದೆ. ಇಬ್ಬರೂ ಒಬ್ಬರ ತಲೆ ಒಬ್ಬರು ನೋಡಿಕೊಂಡು ನಕ್ಕರು. ಆ ನಗೆಗೇ ಕಚೇರಿಯ ಬಿಗಿ ಸಡಿಲಿತು. ಮ್ಯಾನೇಜರ್ ಫೋನೆತ್ತಿ ಪೊಲೀಸರಿಗೆ ಬರಬೇಡಿರೆಂದಳು. ಆಮೇಲೆ ರಾಮಜಿಯನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಅವನು ಉತ್ತರವನ್ನು ಅವಳಿಗೆ ಕೊಡದೆ ಆಯಿಗೆ ಕೊಟ್ಟ. ಅವನ ಮರಾಠಿಯನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ನೀ ತಗೊಳ್ಳೂದು ನೋಡಿದ್ದೆ, ಬಾಳಾ. ಏನೋ ಕಷ್ಟ ಇರಬೇಕು ಅಂದ್ಕೊಂಡೆ. ನಮ್ಮ ಅಜ್ಜಿ ಮಾತು ನಿನ್ನ ಬಾಯಾಗ ಐತಿ. ನಿನ್ನ ಹ್ಯಾಂಗ ಹಿಡದಕೊಡ್ಲಿ?"

ಆಯಿಯ ಮುಖ ಕೆಂಪಾಯಿತು. "ಅಂದ್ರ, ನನ್ನ ಕಳ್ಳಿ ಅಂತ ತಿಳದಿದ್ದಿ?"

ಅವನು ತಲೆ ತಗ್ಗಿಸಿದ.

ಆಯಿ ಬಿಚ್ಚಿದ ಕರವಸ್ತ್ರವೊಂದನ್ನು ಎತ್ತಿ ಅವನೆದುರು ಹಿಡಿದರು. "ಹುಚ್ಚಪ್ಪ" ಎಂದರು. "ಕದಿಯಾಕಿ ಇದ್ರ ಇಷ್ಟು ಚಂದ ಗಂಟು ಹಾಕ್ತಿದ್ನೇನು?"

ಮೇಜಿನ ಮೇಲೆ ಒಂದು ಗಂಟು ಉಳಿದಿತ್ತು. ಒಂಟಿ ಕಿವಿಯೋಲೆ, ಮುತ್ತಿನಂಥದು, ಗುರುತಿಗೆ ಹವಳದ ಚೂರು. ಕೇಳಿದವರಿಲ್ಲ. ಮ್ಯಾನೇಜರ್ ಅದಕ್ಕೆ ಕೈ ಚಾಚಿದಳು. ಆಯಿ ಅದನ್ನು ಮತ್ತೆ ಬಿಗಿದು, ಎಲ್ಲರೆದುರು ರಾಮಜಿಯ ಅಂಗೈಯಲ್ಲಿಟ್ಟರು.

"ನೀ ದಿನಾ ಅಲ್ಲೆ ಕುಂದರ್ತಿ. ಯಾರರೆ ಕೇಳ್ಕೋತ ಬಂದ್ರ ಕೊಡು. ಗುರುತು ಹೇಳಿಸ್ಕೊಂಡು ಕೊಡು ಮತ್ತ."

ನಾನು ಇದನ್ನು ಇಂಗ್ಲಿಷಿಗೆ ತಂದೆ. ಈ ಸಲ ಅರ್ಜಿಯ ಭಾಷೆ ಬರಲಿಲ್ಲ. ಮ್ಯಾನೇಜರ್ ಬಿಲ್ಲೆಯನ್ನು ಎತ್ತಿ, ಕಾವಲುಗಾರನ ಕೈಗೆ ಕೊಡದೆ, ತಾನೇ ಎದ್ದು ಬಂದು ರಾಮಜಿಯ ಅಂಗಿಗೆ ಚುಚ್ಚಿದಳು.

ಹೊರಗೆ ಬಂದರೆ ಜನವೆಲ್ಲ ಸೂರ್ಯಾಸ್ತ ನೋಡಲು ನಿಂತಿದ್ದರು. ನಮಗೋ ಅದು ಊಟದ ಗಡುವು. ರೊಟ್ಟಿ ತರಲು ನಾನು ಓಡಬೇಕೆನ್ನುವುದರಲ್ಲಿ ರಾಮಜಿ ಬುಟ್ಟಿಯ ಕೊನೆಯ ಅನಾನಸಿಗೆ ಚಾಕು ಹಾಕಿದ್ದ. ಅಷ್ಟು ಬೇಗ ಸುರುಳಿ ಬಿಡಿಸಿದ್ದನ್ನು ನಾನು ನೋಡಿಲ್ಲ. ಸೂರ್ಯನ ಒಂದು ಎಳೆ ನೀರಿನ ಮೇಲೆ ಉಳಿದಿತ್ತು.

"ತಿನ್ನು, ಬಾಳಾ."

ಆಯಿ ಮೊದಲ ಸಲ ಸಮುದ್ರದ ಕಡೆಗೆ ಮುಖ ಮಾಡಿ ನಿಂತು ತಿಂದರು. ಖಾರಕ್ಕೋ ಏನೋ ಕಣ್ಣಲ್ಲಿ ನೀರಿತ್ತು.

ಹೊರಡುವ ದಿನ

ಆಯಿ ಎಲ್ಲಿಗೆ ಹೋದರೂ ಪೆಟ್ಟಿಗೆಯಲ್ಲಿ ಉಡಿ ತುಂಬಲು ಒಂದು ಹೊಸ ಕುಪ್ಪಸದ ಖಣ ಇರುತ್ತಿತ್ತು. ಬೆಳಿಗ್ಗೆ ರಾಮಜಿ ಹೆಂಡತಿಯನ್ನು ಕರೆದುಕೊಂಡು ಗೇಟಿಗೆ ಬಂದ. ಹೂವಿನ ಫ್ರಾಕು ತೊಟ್ಟ ದಪ್ಪನೆಯ ಹೆಂಗಸು, ಮರಾಠಿ ಒಂದಕ್ಷರ ಬಾರದು. ಹೊಟೇಲಿನ ಅಡುಗೆಮನೆಯಿಂದ ಅಕ್ಕಿ ತೆಂಗಿನಕಾಯಿ ತರಿಸಿ, ಆ ಖಣವಿಟ್ಟು ಆಯಿ ಅವಳ ಉಡಿ ತುಂಬಿದರು. ಒಡ್ಡಲು ಸೆರಗಿಲ್ಲವಲ್ಲ ಎಂದು ನಾನು ನೋಡುತ್ತಿದ್ದೆ. ಅವಳಿಗೆ ಯಾರು ಹೇಳಿಕೊಟ್ಟರೋ, ಫ್ರಾಕಿನ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದು ಒಡ್ಡಿ ನಿಂತಳು. ರಾಮಜಿಯ ಅಜ್ಜಿ ಹೀಗೆ ಮಾಡುತ್ತಿದ್ದುದನ್ನು ಮದುವೆಯಾದ ಹೊಸತರಲ್ಲಿ ಕಂಡಿದ್ದಳಂತೆ.

ವಿಮಾನದಲ್ಲಿ ಆಯಿ ಶಾಲು ಹೊದ್ದು ಕಿಟಕಿಗೆ ಒರಗಿದ್ದರು. ನಿದ್ದೆ ಬಂತೆಂದುಕೊಂಡಿದ್ದೆ.

"ಪದ್ಮಾ, ನನಗ ಬಾಳಾ ಅನ್ನಾವ್ರು ಊರಾಗ ಯಾರೂ ಉಳದಿಲ್ಲ ನೋಡು" ಎಂದರು. "ಎಲ್ಲಾರಿಗೂ ನಾನs ಆಯಿ."

ಖಾನಾಪುರ

ನಮ್ಮವರು ಆ ಕಪ್ಪು ಚಷ್ಮಾವನ್ನು ಮತ್ತೆಂದೂ ಹಾಕಿಕೊಳ್ಳಲಿಲ್ಲ. ಆಯಿ ಮಾತ್ರ ಮುಂದೆ ಯಾವ ಮದುವೆಯ ಉಗ್ರಾಣದಲ್ಲಿ ಕುಳಿತರೂ, ಗಂಟು ಕಟ್ಟುವಾಗ ಒಮ್ಮೆ ಕೈ ನಿಲ್ಲಿಸಿ, "ಆ ಓಲಿ ಕೇಳಾಕ ಯಾರರೆ ಬಂದಿದ್ರೋ ಏನೋ" ಎನ್ನುತ್ತಿದ್ದರು. ಹೊಸದಾಗಿ ಬಂದವರು ಯಾವ ಓಲೆ ಎಂದರೆ, "ನಮ್ಮ ಪೈಕಿ ಒಬ್ಬಾಂವನ ಹಂತ್ಯಾಕ ಐತಿ, ದೂರ ಊರಾಗ" ಎಂದಷ್ಟೇ ಹೇಳುತ್ತಿದ್ದರು.

ಈಗ ಆಯಿ ಇಲ್ಲ. ಉಗ್ರಾಣದ ಖೋಲಿ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಖಾನಾಪುರದ ಒಂದು ಮದುವೆಯಲ್ಲಿ ಹುಡುಗಿಯರು ಮೊಬೈಲುಗಳನ್ನೆಲ್ಲ ನನ್ನ ಮಡಿಲಿಗೆ ಸುರಿದು ಅರಿಷಿಣದ ನೀರಿಗೆ ಓಡಿದರು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಅಡಿಕೆ, ಲವಂಗ, ಅಕ್ಕಿಕಾಳು ಇಟ್ಟು ಒಂದೊಂದಾಗಿ ಗಂಟು ಕಟ್ಟಿದೆ. ಕಟ್ಟಿ, ಬಾಗಿಲು ಹಾಕಿಕೊಳ್ಳದೆ, ಕೇಳಲು ಬರುವವರಿಗಾಗಿ ಕಾಯುತ್ತ ಕುಳಿತೆ.